ಚನ್ನಬಸವ್ವನ ಪುತಳಿ ಸರ

ಬೆಳ್ಳಿಯ ದರ ಏರಿದಂತೆಲ್ಲ ಬಸವಪ್ರಭು ಸರಾಫರ ಆಯಾಸವೂ ಏರುತ್ತ ಹೋಯಿತು. ರವಿವಾರ ಪೇಠೆಯ ಆ ಇಕ್ಕಟ್ಟಿನ ಓಣಿಯಲ್ಲಿ ಅಂಗಡಿ ಇಟ್ಟೇ ಅವರ ತಲೆ ಬೆಳ್ಳಗಾಗಿತ್ತು. ದರ ಏರಿದ್ದನ್ನೂ ಬಿದ್ದದ್ದನ್ನೂ ಎಷ್ಟೋ ಸಲ ನೋಡಿದ್ದರು. ಆದರೆ ಜನ ಮನೆಯಲ್ಲಿದ್ದ ಬೆಳ್ಳಿಯನ್ನೆಲ್ಲ ಗಂಟು ಕಟ್ಟಿಕೊಂಡು ಹೀಗೆ ಒಮ್ಮೆಲೇ ಬಂದು ಮುಗಿಬಿದ್ದದ್ದನ್ನು ಕಂಡಿರಲಿಲ್ಲ. ಊಟದ ತಾಟು, ದೀಪದ ಸಮೆ, ತಂಬಿಗೆ, ಮಕ್ಕಳಿಗೆ ಹಾಲು ಕುಡಿಸಿದ ಬಟ್ಟಲು, ಕಂಪನಿಯವರು ದೀಪಾವಳಿಗೆ ಹಂಚಿದ ಗಣಪತಿ ನಾಣ್ಯ, ಎಲ್ಲ ಬಂದು ಕೌಂಟರಿನ ಮೇಲೆ ಬೀಳುತ್ತಿದ್ದವು. ಬಂದವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅವತ್ತಿನ ದರ. ಅದರಲ್ಲಿ ತೋರಿಸಿದಷ್ಟು ನೀವು ಯಾಕೆ ಕೊಡುವುದಿಲ್ಲ ಎಂದು ಪ್ರತಿಯೊಬ್ಬರೂ ಮರಾಠಿಯಲ್ಲಿ ಕೇಳುವರು. ಬೆಸುಗೆಯ ತೂಕ ಬೇರೆ, ಬೆರಕೆ ಬೇರೆ, ಕರಗಿಸಿದಾಗ ಹೋಗುವುದು ಬೇರೆ ಎಂದು ಇವರು ಪ್ರತಿಯೊಬ್ಬರಿಗೂ ಹೇಳುವರು. ಸಂಜೆಯ ಹೊತ್ತಿಗೆ ನಾಲಿಗೆ ಒಣಗಿ ಹೋಗುತ್ತಿತ್ತು.

ಮಗನಿಗೆ ಈ ಧಂದೆ ಒಗ್ಗಲಿಲ್ಲ, ಬ್ಯಾಂಕಿಗೆ ಸೇರಿದ. ಒಗ್ಗಿದ್ದು ಸೊಸೆ ನೀತಾಳಿಗೆ. ತೂಕ, ಲೆಕ್ಕ, ಗಿರಾಕಿಗಳ ಬಾಯಿ, ಎಲ್ಲವನ್ನೂ ಅವಳೇ ನಿಭಾಯಿಸುತ್ತಿದ್ದಳು. ಮಾವನವರು ಗಾದಿಯ ಮೇಲೆ ಕೂತು ಒರೆಗಲ್ಲು ನೋಡಿದರೆ ಸಾಕಿತ್ತು. ಅದೂ ಈಚೆಗೆ ಭಾರವೆನಿಸುತ್ತಿತ್ತು. ಮೊಣಕಾಲ ನೋವು ಒಂದು ಕಡೆ. ಇನ್ನೊಂದು ಕಡೆ, ಕಂಡವರ ಮನೆಯ ಒಳಗಿನ ಸಂಗತಿಗಳೆಲ್ಲ ತಿಳಿದು ತಿಳಿದು ಮನಸ್ಸಿಗೇ ಜಡ್ಡು ಹಿಡಿದಂತಾಗಿತ್ತು. ಯಾರ ಮನೆಯ ತಾಟಿನ ಮೇಲಿನ ಹೆಸರು ಅಳಿಸಿದೆ, ಯಾರು ಗಂಡನಿಗೆ ಗೊತ್ತಿಲ್ಲದೆ ಬಂದಿದ್ದಾರೆ ಎಂಬುದು ವಸ್ತು ಕೈಗೆ ಬಂದ ಕೂಡಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು.

ಅವತ್ತು ಮಧ್ಯಾಹ್ನ ಶಿವಪ್ರಕಾಶ ಮತ್ತು ಅವನ ಅಕ್ಕ ಶಿವಕಾಂತಾ ಬಂದರು.

ಇಬ್ಬರನ್ನೂ ಬಸವಪ್ರಭು ಚಿಕ್ಕಂದಿನಿಂದ ಬಲ್ಲರು. ಅವರ ತಾಯಿ ಚನ್ನಬಸವ್ವ ಇವರ ಊರಿನ ಕಡೆಯವಳು, ಜಮಖಂಡಿಯ ಹತ್ತಿರದವಳು. ಗಂಡ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತನಾಗಿದ್ದ. ಮಕ್ಕಳು ಇನ್ನೂ ಕಾಲೇಜು ಮುಗಿಸುವ ಮೊದಲೇ ತೀರಿಕೊಂಡ. ಶಿವಪ್ರಕಾಶ ಈಗ ಪಿಂಪ್ರಿಯ ಕಡೆ ದೊಡ್ಡ ಕಾರಖಾನೆಯೊಂದರಲ್ಲಿ ಮ್ಯಾನೇಜರ್, ಹೆಂಡತಿ ಸ್ನೇಹಲ್ ಮತ್ತು ಮಗಳ ಜೊತೆ ಬೇರೆ ಫ್ಲ್ಯಾಟಿನಲ್ಲಿದ್ದ. ಶಿವಕಾಂತಾ ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು. ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತ ತಾಯಿಯ ಜೊತೆಯೇ ಉಳಿದಳು. ಕಡೆಗಾಲದಲ್ಲಿ ಹಾಸಿಗೆ ಹಿಡಿದ ತಾಯಿಯ ಮೈ ತೊಳೆದದ್ದು, ಗಂಜಿ ಕುಡಿಸಿದ್ದು ಎಲ್ಲ ಅವಳೇ. ಅವಳ ಕಣ್ಣ ಕೆಳಗಿನ ಕಪ್ಪು ಅದನ್ನು ಹೇಳುತ್ತಿತ್ತು.

"ನಮಸ್ಕಾರ್ರಿ ಕಾಕಾ," ಅಂದ ಶಿವಪ್ರಕಾಶ. "ಅವ್ವ ಹೋಗಿದ್ದು ನಿಮಗ ತಿಳಿದಿರಬೇಕು."

"ತಿಳೀತಪಾ. ಮಣ್ಣಿಗೆ ಬರಬೇಕಂತ ಭಾಳ ಇತ್ತು. ಈ ಮೊಣಕಾಲು ಬಿಡಲಿಲ್ಲ. ಕೂಡ್ರಿ, ಇಬ್ಬರೂ ಕೂಡ್ರಿ."

ಶಿವಪ್ರಕಾಶ ಕೂಡಲಿಲ್ಲ. ಚೀಲದಿಂದ ಹಳದಿ ಬಟ್ಟೆಯ ಗಂಟೊಂದನ್ನು ತೆಗೆದು ಕೌಂಟರಿನ ಮೇಲಿಟ್ಟು ಬಿಚ್ಚಿದ. ಬಂಗಾರದ ತೆಳು ನಾಣ್ಯಗಳನ್ನು ಒಂದರ ಪಕ್ಕ ಒಂದು ಪೋಣಿಸಿದ, ಎದೆಯ ತನಕ ಬರುವ ಪುತಳಿ ಸರ. ನಾಣ್ಯಗಳ ಮೇಲಿನ ಲಕ್ಷ್ಮಿ ಸವೆದು ಮೂಗು ಬಾಯಿ ಇಲ್ಲದಂತಾಗಿದ್ದಳು.

"ಇದನ್ನ ಇಬ್ಬರಿಗೂ ಸರಿಯಾಗಿ ಪಾಲು ಮಾಡಿ ಕೊಡ್ರಿ ಕಾಕಾ. ಅರ್ಧಾ ಅಕ್ಕಗ, ಅರ್ಧಾ ನನಗ."

ಬಸವಪ್ರಭು ಸರವನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಅದರಲ್ಲಿ ಯಾವುದು ಬಂಗಾರ, ಯಾವುದು ಬಂಗಾರವಲ್ಲ ಎಂಬುದು ಈಗ ಬದುಕಿರುವವರಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

"ಸರಾ ಒಡೀಬ್ಯಾಡ್ರಿ," ಅಂದರು. "ಒಬ್ಬರ ಮನ್ಯಾಗ ಇರಲಿ. ಲಗ್ನ ಮುಂಜಿಗೆ ಇಬ್ಬರೂ ಹಾಕ್ಕೊಳ್ರಿ."

"ಆ ರಗಳಿ ಬ್ಯಾಡ್ರಿ. ನಾಳೆ ಮಾತು ಬರ್ತದ. ಪಾಲು ಅಂದ್ರ ಪಾಲು."

"ನೀ ಏನಂತೀಯವಾ?" ಎಂದು ಅವರು ಶಿವಕಾಂತಾಳ ಕಡೆ ನೋಡಿದರು.

"ಏನರೆ ಮಾಡ್ರಿ ಕಾಕಾ. ಲಗೂನ ಮುಗಿಸಿಬಿಡ್ರಿ," ಅಂದಳು ಅವಳು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಬಸವಪ್ರಭು ಗಂಟನ್ನು ಮೆಲ್ಲಗೆ ಅವನ ಕಡೆ ಸರಿಸಿದರು. "ನಾ ಈಗ ಬಂಗಾರದ ಕೆಲಸ ಬಿಟ್ಟೀನಪಾ. ಕಣ್ಣು ಸರಿಯಾಗಿ ಕಾಣೂದಿಲ್ಲ. ಬ್ಯಾರೆ ಎಲ್ಲೆರೆ ತೋರಿಸ್ರಿ."

"ಹಂಗಾರ ಮಶೀನಿಗೇ ಹಾಕಿಸ್ತೀನಿ. ಅದು ಇನ್ನೂ ಚಲೋ," ಎಂದ ಶಿವಪ್ರಕಾಶ. ಎರಡು ಓಣಿ ಆಚೆ ಬಂಗಾರ ಪರೀಕ್ಷಿಸುವ ಅಂಗಡಿಯಿತ್ತು. ಯಂತ್ರದ ಕೆಳಗೆ ಇಟ್ಟರೆ ಆಯಿತು, ಯಾವ ಲೋಹ ಎಷ್ಟು ಎಂದು ಅಲ್ಲೇ ಹೇಳಿಬಿಡುತ್ತಿದ್ದರು. ಅಲ್ಲಿಗೆ ಹೋದರೆ ಏನಾಗುತ್ತದೆ ಎಂಬುದು ಬಸವಪ್ರಭು ಅವರಿಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದರು. ಬೇಡ ಅಂದರೆ ಯಾಕೆ ಎಂದು ಕೇಳುವನು. ಯಾಕೆ ಎಂದು ಹೇಳುವ ಶಕ್ತಿ ಆ ಹೊತ್ತಿನಲ್ಲಿ ಅವರಲ್ಲಿ ಇರಲಿಲ್ಲ. ಅಕ್ಕ ತಮ್ಮ ಮೆಟ್ಟಿಲಿಳಿದು ಹೋದರು.

ತೂಕದ ಯಂತ್ರದ ಹಿಂದಿನಿಂದ ನೀತಾ ಮಾವನವರನ್ನೇ ನೋಡುತ್ತಿದ್ದಳು. ಹಿಂದಿನ ಸಂಜೆಯಷ್ಟೇ ಅವರು ಒಬ್ಬರ ಬಂಗಾರದ ಉಂಗುರವನ್ನು ಒರೆಗಲ್ಲಿಗೆ ತಿಕ್ಕಿ ನೋಡಿ ಖರೀದಿಸಿದ್ದರು.

"ಬಂಗಾರದ ಕೆಲಸ ಯಾವಾಗ ಬಿಟ್ರಿ ಮಾಮಾರ?" ಎಂದು ಕೇಳಿದಳು.

"ಈಗ ಬಿಟ್ಟೆ ನೋಡವಾ," ಅಂದರು ಬಸವಪ್ರಭು.

ಬಾಗಿಲ ಬಳಿಯ ಬೆಂಚಿನ ಮೇಲೆ ಒಬ್ಬ ಮರಾಠಿ ಅಜ್ಜಿ ಜೋಡಿ ಸಮೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸರದಿ ಕಾಯುತ್ತಿದ್ದಳು. ನೀತಾ ಅವಳನ್ನು ಕರೆದಳು. ಬಸವಪ್ರಭು ಒರೆಗಲ್ಲನ್ನು ಒರೆಸುತ್ತ ಕೂತರು.

ಚನ್ನಬಸವ್ವ ಮೊದಲ ಸಲ ಈ ಸರ ತಂದದ್ದು ಗಂಡ ಸತ್ತ ಮರುವರ್ಷ. ದಾರ ಸವೆದಿದೆ, ಹೊಸದಾಗಿ ಪೋಣಿಸಿ ಕೊಡು ಅಂದಳು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ದನಿ ತಗ್ಗಿಸಿ ಹೇಳಿದ್ದಳು: "ಪ್ರಭೂ, ಇದರಾಗಿಂದು ಒಂದು ತಗೊಂಡು ರೊಕ್ಕಾ ಕೊಡು. ಆ ಜಾಗಕ್ಕ ಬೆಳ್ಳೀದು ಮಾಡಿಸಿ ಬಂಗಾರದ ನೀರು ಕುಡಿಸಿ ಹಾಕು."

"ಒಂದು ಕಡಿಮಿ ಇದ್ರ ಏನಾಗ್ತದ ಅಕ್ಕಾ? ಖರೇವು ಅಷ್ಟ ಇರಲಿ," ಎಂದಿದ್ದರು ಬಸವಪ್ರಭು.

"ನಿನಗ ಗೊತ್ತಿಲ್ಲ. ನಮ್ಮ ನೆಗೆಣ್ಯಾರು ಲಗ್ನದಾಗ ಅಕ್ಕಿಕಾಳು ಹಾಕೂದು ಬಿಟ್ಟು ನನ್ನ ಕೊರಳಾಗಿನ ಪುತಳಿ ಎಣಸ್ತಾರ. ಗಂಡ ಹೋದ ಮ್ಯಾಲೆ ಮಾರಕೊಂಡು ತಿಂತಾಳ ಅನ್ನಿಸ್ಕೊಳ್ಳಾಕ ನಾ ತಯಾರಿಲ್ಲ. ಮಕ್ಕಳಿಗೂ ತಿಳೀಬಾರದು. ನಿನ್ನ ಕೊರಳಾಗಿನ ಲಿಂಗ ಮುಟ್ಟಿ ಹೇಳು, ಯಾರ ಮುಂದೂ ಅನ್ನೂದಿಲ್ಲ ಅಂತ."

ಅವರು ಮುಟ್ಟಿ ಹೇಳಿದ್ದರು. ಆಮೇಲೆ ಅವಳು ನಡುನಡುವೆ ಬರುತ್ತಲೇ ಇದ್ದಳು. ಒಮ್ಮೊಮ್ಮೆ ವರ್ಷಗಟ್ಟಲೆ ಬರುತ್ತಿರಲಿಲ್ಲ, ಇನ್ನು ಬರುವುದಿಲ್ಲ ಎಂದುಕೊಂಡಾಗ ಬರುವಳು. ದೇಹೂ ರೋಡಿನಿಂದ ಲೋಕಲ್ ರೈಲು ಹಿಡಿದು ಶಿವಾಜಿನಗರದಲ್ಲಿ ಇಳಿದು, ರಿಕ್ಷಾಕ್ಕೆ ಯಾಕೆ ಕೊಡಬೇಕೆಂದು ನಡೆದೇ ಬರುವಳು. ಸರವನ್ನು ರವಿಕೆಯ ಒಳಗೇ ಹಾಕಿಕೊಂಡಿರುವಳು. ಒಂದು ಬಂಗಾರ ಹೋಗುವುದು, ಒಂದು ಬೆಳ್ಳಿ ಬರುವುದು. ಹೋಗುವಾಗ ಸೆರಗು ಸರಿ ಮಾಡಿಕೊಂಡು "ನೋಡು, ಹ್ಯಾಂಗ ಕಾಣ್ತದ?" ಎಂದು ಕೇಳುವಳು. "ಹಂಗಽ ಕಾಣ್ತದ" ಎಂದು ಇವರು ಹೇಳುವರು.

ಕಾಡಪ್ಪ ಎಂಬ ಕುಶಲ ಅಕ್ಕಸಾಲಿಗನಿಂದ ಆ ಬೆಳ್ಳಿಯ ಪುತಳಿಗಳನ್ನು ಅವರು ಮಾಡಿಸುತ್ತಿದ್ದರು. ಅವನು ಸತ್ತು ಬಹಳ ದಿನವಾಗಿತ್ತು. ಈಗ ಚನ್ನಬಸವ್ವನೂ ಇರಲಿಲ್ಲ. ಮಾತು ತಮ್ಮೊಂದಿಗೇ ಮುಗಿಯುತ್ತದೆ ಎಂದು ಬಸವಪ್ರಭು ತಿಳಿದಿದ್ದರು.

ಅಕ್ಕ ತಮ್ಮ ತಿರುಗಿ ಬಂದಾಗ ಮೊದಲು ಕೇಳಿಸಿದ್ದು ಶಿವಪ್ರಕಾಶನ ದನಿ. ಓಣಿಯ ತುದಿಯಿಂದಲೇ ಜಗಳ ಮಾಡುತ್ತ ಬಂದಿದ್ದ. ಅಂಗಡಿಯೊಳಗೆ ಕಾಲಿಟ್ಟವನೇ ಸರವನ್ನು ಕೌಂಟರಿನ ಮೇಲೆ ಎಸೆದ. ಪರೀಕ್ಷೆಯ ಅಂಗಡಿಯವರು ಗುರುತಿಗೆಂದು ಕೆಲವು ನಾಣ್ಯಗಳಿಗೆ ಕೆಂಪು ದಾರ ಕಟ್ಟಿದ್ದರು. ಕೆಲವು ಎಲ್ಲಿ ಬಂತು, ಅರ್ಧಕ್ಕಿಂತ ಹೆಚ್ಚಿನವಕ್ಕೇ ಕಟ್ಟಿದ್ದರು.

"ನೋಡ್ರಿ ಕಾಕಾ! ದಾರ ಕಟ್ಟಿದ್ದೆಲ್ಲಾ ಬೆಳ್ಳಿ ಅಂತ. ಮ್ಯಾಲೆ ಬರೇ ಪಾಲಿಶ್. ನಮ್ಮವ್ವನ ಸರಾ ಇದು, ಅಜ್ಜಿ ಕಾಲದ್ದು. ಖೋಟಾ ಹ್ಯಾಂಗ ಆಗ್ತದ?" ಅವನ ಮುಖ ಕೆಂಪಾಗಿತ್ತು. ಅಕ್ಕನ ಕಡೆ ತಿರುಗಿದ. "ಕಪಾಟಿನ ಕೀಲಿ ನಿನ್ನ ಕಡೆ ಇತ್ತು. ಅವ್ವ ಹಾಸಿಗಿ ಹಿಡಿದ ಮ್ಯಾಲೆ ಅದನ್ನ ತಗದವಳು ನೀನೊಬ್ಬಾಕಿ. ನಾ ತಪ್ಪು ಅನ್ನೂದಿಲ್ಲ, ಅಡಚಣಿ ಇದ್ದಿರಬೇಕು. ಆದ್ರ ನನಗ ಹೇಳಬೇಕಿತ್ತಲ್ಲಾ?"

"ನಾ ತಗದಿಲ್ಲ ಅಂತ ಅಲ್ಲೇ ಹೇಳೀನಿ," ಅಂದಳು ಶಿವಕಾಂತಾ.

"ಮತ್ತ ಯಾರು ತಗದ್ರು?"

"ನನಗೇನು ಗೊತ್ತು?"

"ಸ್ನೇಹಲ್ ಮೊದಲಽ ಅಂದಿದ್ಲು, ತೂಕಾ ಮಾಡಿಸಿ ನೋಡ್ರಿ ಅಂತ. ನಾನಽ ಅಕಿಗೆ ಬೈದಿದ್ದೆ, ನಮ್ಮಕ್ಕ ಹಂಗ ಅಲ್ಲ ಅಂತ."

ಶಿವಕಾಂತಾ ತಮ್ಮನನ್ನು ನೋಡಿದಳು. ಸಿಟ್ಟು ಬಂದಿದ್ದರೆ ಬಸವಪ್ರಭು ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಿನವಿಡೀ ಹೊತ್ತ ಹೊರೆಯನ್ನು ಎಲ್ಲಾದರೂ ಇಳಿಸಿದರೆ ಸಾಕು ಎನ್ನುವವರ ಮುಖವಾಗಿತ್ತು ಅದು.

"ಆತು," ಅಂದಳು. "ನಾನಽ ತಗದೀನಿ. ತಗದು ಮಾರೀನಿ. ಈಗ ಸಮಾಧಾನ ಆತಿಲ್ಲೋ? ಉಳದದ್ದು ಎಲ್ಲಾ ನೀನಽ ಒಯ್ಯಿ, ನನಗ ಪಾಲು ಬ್ಯಾಡ. ಮನಿಗಿ ಹೋಗೂಣು ನಡಿ. ನನಗ ನಿಂದ್ರಾಕ ಆಗವಲ್ತು."

ಶಿವಪ್ರಕಾಶ ಕೇಳಬೇಕೆಂದಿದ್ದ ಮಾತನ್ನೇ ಅವಳು ಹೇಳಿದ್ದಳು. ಆದರೂ ಅದು ಅವನ ಕಿವಿಗೆ ಹಿತವಾದಂತೆ ಕಾಣಲಿಲ್ಲ.

"ಸುಳ್ಳು ಯಾಕ ಹೇಳ್ತೀ ಶಿವಕಾಂತಾ," ಎಂದು ಬಸವಪ್ರಭು ಗಾದಿಯಿಂದ ಎದ್ದರು. ಮೊಣಕಾಲು ಲಟಕ್ಕೆಂದಿತು. ಕೌಂಟರಿನ ಅಂಚು ಹಿಡಿದುಕೊಂಡು ನಿಂತರು. "ಇಕಿ ತಗದಿಲ್ಲಪಾ ಶಿವಪ್ರಕಾಶ. ನಿಮ್ಮವ್ವ ತಗದಾಳ. ಒಂದೊಂದಽ ತಂದು ನನಗಽ ಮಾರ್ಯಾಳ. ಬೆಳ್ಳೀವು ಮಾಡಿಸಿ ಹಾಕಿದಾಂವ ನಾನು."

ಹಣಕ್ಕಾಗಿ ಬೆಂಚಿನ ಮೇಲೆ ಕಾಯುತ್ತಿದ್ದ, ಕನ್ನಡ ತಿಳಿಯದ ಅಜ್ಜಿಯೂ ಏನೋ ಆಗಿದೆಯೆಂದು ಅರಿತು ಕತ್ತೆತ್ತಿದಳು.

"ನೀವು ಅಕ್ಕನ್ನ ಉಳಿಸಾಕ ಹೇಳಾಕತ್ತೀರಿ," ಅಂದ ಶಿವಪ್ರಕಾಶ.

"ಹಂಗಾರ ನೀನಽ ನೋಡು." ಬಸವಪ್ರಭು ತಮ್ಮ ಭೂತಕನ್ನಡಿಯನ್ನು ಅವನ ಕೈಗೆ ಕೊಟ್ಟರು. "ಕೆಂಪು ದಾರ ಕಟ್ಟಿದ್ದರ ಕೊಂಡಿ ನೋಡು. ಒಳಮಗ್ಗಲಿಗೆ ಒಂದು ಸಣ್ಣ ಚುಕ್ಕಿ ಇರ್ತದ. ನಾಳೆ ಇನ್ನೊಬ್ಬ ಸರಾಫ ಮೋಸ ಹೋಗಬಾರದು ಅಂತ ನಾನಽ ಹೊಡಿಸಿದ್ದು. ಖರೇವಕ್ಕ ಆ ಚುಕ್ಕಿ ಇರೂದಿಲ್ಲ."

ಶಿವಪ್ರಕಾಶ ಒಂದೊಂದೇ ನಾಣ್ಯವನ್ನು ಕನ್ನಡಿಯ ಕೆಳಗೆ ಹಿಡಿದು ನೋಡಿದ. ದಾರವಿದ್ದಲ್ಲಿ ಚುಕ್ಕಿ ಇತ್ತು. ದಾರವಿಲ್ಲದ್ದರಲ್ಲಿ ಇರಲಿಲ್ಲ. ನಡುವೆಯೇ ನೋಡುವುದನ್ನು ನಿಲ್ಲಿಸಿ ಕನ್ನಡಿಯನ್ನು ಕೆಳಗಿಟ್ಟ.

"ಅವ್ವ ಯಾಕ ಮಾರಿದ್ಲು?" ಅವನ ದನಿ ಸಣ್ಣದಾಗಿತ್ತು.

ಬಸವಪ್ರಭು ಅವರಿಗೆ, ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಮಾಡುವುದೇನು ಎನಿಸಿತು. ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡರು.

"ನಾ ಕೇಳ್ತಿರಲಿಲ್ಲಪಾ. ಕೆಲವು ಸಲ ತಾನಽ ಹೇಳ್ತಿದ್ಲು. ಮೊದಲೆರಡು ಸಲ ನಿನ್ನ ಇಂಜಿನಿಯರಿಂಗ್ ಫೀ ಅಂದ್ಲು."

"ಅದು ಅಪ್ಪಾನ ಫಂಡಿನ ರೊಕ್ಕಾ ಅಂದಿದ್ಲು."

"ಫಂಡು ಅದಕ್ಕೂ ಮೊದಲಽ ಮುಗಿದಿತ್ತು. ಆಮ್ಯಾಲೆ ಇಕಿದು ಕೋರ್ಟು. ಶಿವಾಜಿನಗರದ ವಕೀಲರು ತಾರೀಖಿಗೊಮ್ಮೆ ಕೇಳ್ತಿದ್ರು, ತಾರೀಖು ಮುಗೀತಿರಲಿಲ್ಲ. ಆ ವರ್ಷ ಭಾಳ ಸಲ ಬಂದ್ಲು."

"ವಕೀಲರು ಒಳ್ಳೇವರು, ಫೀ ಬ್ಯಾಡ ಅಂದ್ರು ಅಂತ ನನಗ ಹೇಳಿದ್ಲು," ಅಂದಳು ಶಿವಕಾಂತಾ. ಅವಳು ಈಗ ಕಣ್ಣು ಪೂರ್ತಿ ತೆರೆದಿದ್ದಳು. "ದೀಪಾವಳಿಗೆ ಅವರ ಮನಿಗೆ ಕರದಂಟು ಕಟ್ಟಿಗೊಂಡು ಹೋಗಿ ಕೈಮುಗಿದು ಬಂದಿದ್ದೆ. ಅವರೂ ಸುಮ್ಮನ ಇಸಗೊಂಡ್ರು!"

"ಉಳದದ್ದಕ್ಕ ಕಾರಣ ಹೇಳಲಿಲ್ಲ. ಕಡೀದು ಒಂದು ಮಾತ್ರ ಹೇಳಿದ್ಲು." ಬಸವಪ್ರಭು ಅವರಿಗೆ ಆ ದಿನ ಕಣ್ಣಿಗೆ ಕಟ್ಟಿತು. ಚನ್ನಬಸವ್ವ ಬಾಗಿಲಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು. "‘ಪ್ರಭೂ, ಇದು ನನಗಽ’ ಅಂತ ಅಂದ್ಲು. ಕಾಶಿಗೆ ಹೊಂಟೀನಿ, ಅದೂ ವಿಮಾನದಾಗ. ಕಿಡಕಿ ಕಡೆ ಸೀಟು ತಗಸೀನಿ ಅಂದ್ಲು."

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು.

"ಯಾರೋ ದಾನಿಗಳು ಟಿಕೀಟು ತಗಸ್ಯಾರ ಅಂದಿದ್ಲು," ಅಂದ ಶಿವಪ್ರಕಾಶ.

"ನನಗೂ ಹಂಗಽ ಅಂದ್ಲು. ಆ ದಾನಿಗೆ ದೇವರು ಒಳ್ಳೇದು ಮಾಡಲಿ ಅಂತ ನಾ ದೀಪಾ ಹಚ್ಚೀನಿ!" ಶಿವಕಾಂತಾಳಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ಒಡೆದು ಅಳುವಾಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಶಿವಪ್ರಕಾಶ ಓಣಿಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ಬಸವಪ್ರಭು ಅವರಿಗೆ ತಿಳಿಯಲಿಲ್ಲ.

"ಕಾಯ್ ಝಾಲಂ?" ಏನಾಯಿತು ಎಂದು ಅಜ್ಜಿ ನೀತಾಳನ್ನು ಪಿಸುಮಾತಿನಲ್ಲಿ ಕೇಳಿದಳು. ತಾಯಿ ತೀರಿಕೊಂಡಿದ್ದಾರೆ ಎಂದಷ್ಟೇ ನೀತಾ ಮರಾಠಿಯಲ್ಲಿ ಹೇಳಿದಳು.

ಶಿವಪ್ರಕಾಶ ಮುಖ ಒರೆಸಿಕೊಂಡು ತಿರುಗಿದ. "ನೀವು ಮೊದಲಽ ಹೇಳಬೇಕಿತ್ತಲ್ರಿ ಕಾಕಾ. ಆ ಮಶೀನಿನವರ ಮುಂದ, ಅಷ್ಟು ಮಂದಿ ಮುಂದ ನಾ ಅಕ್ಕಗ ಏನೇನೋ ಅಂದುಬಿಟ್ಟೆ."

"ಹೇಳಬೇಕಿತ್ತು," ಅಂದರು ಬಸವಪ್ರಭು. ಕೊಟ್ಟ ಮಾತಿತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆಣೆಗಿಂತ ಹೆಚ್ಚಾಗಿ ಆಯಾಸವೇ ತಮ್ಮ ಬಾಯಿ ಕಟ್ಟಿತ್ತು ಎಂಬುದು ಅವರಿಗೆ ಗೊತ್ತಿತ್ತು.

ಆಮೇಲಿನ ಕೆಲಸ ಬೇಗ ಮುಗಿಯಿತು. ಬಸವಪ್ರಭು ದಾರ ಕತ್ತರಿಸಿ ನಾಣ್ಯಗಳನ್ನು ಬಿಡಿಸಿದರು. ಬಂಗಾರದವನ್ನು ಒರೆಗೆ ಹಚ್ಚಿ ನೋಡಿ ಎರಡು ಗುಂಪು ಮಾಡಿದರು. ಶಿವಪ್ರಕಾಶ ತನ್ನ ಗುಂಪನ್ನು ಅಕ್ಕನ ಕಡೆ ಸರಿಸಿದ. ಅವಳು ಅದನ್ನು ಹಾಗೇ ಹಿಂದಕ್ಕೆ ಸರಿಸಿದಳು.

"ಬ್ಯಾಡೋ. ನಿನ್ನ ಮಗಳಿಗೆ ಇರಲಿ. ನನ್ನವು ಕಾಕಾಗ ಕೊಟ್ಟುಬಿಡ್ತೀನಿ. ನನಗ ರೊಕ್ಕಾ ಬೇಕು. ಕೆಲಸಕ್ಕ ಒಂದಿಷ್ಟು ತಿಂಗಳು ರಜಾ ಹಾಕಿ ಮನ್ಯಾಗ ಬಿದ್ದಿರಬೇಕು ಅನಿಸ್ಯದ."

"ಒಂದಾದ್ರೂ ಇಟ್ಕೋ ಅಕ್ಕಾ, ಅವ್ವನ ನೆನಪಿಗೆ."

"ಅವ್ವನ ನೆನಪು ನನಗ ಬ್ಯಾರೆ ಭಾಳ ಅದಾವೋ," ಅಂದಳು ಶಿವಕಾಂತಾ. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಆದರೂ ಅವನು ತಲೆ ತಗ್ಗಿಸಿದ.

"ಇವನ್ನ ಏನು ಮಾಡೂದು?" ಎಂದು ನೀತಾ ಬೆಳ್ಳಿಯ ಪುತಳಿಗಳನ್ನು ತೋರಿಸಿದಳು. ಬಂಗಾರದ ಪಕ್ಕದಲ್ಲಿಟ್ಟರೂ ಅವು ಅದೇ ಬಣ್ಣ ಹೊಳೆಯುತ್ತಿದ್ದವು. ಕಾಡಪ್ಪನ ಕೈ ಅಂಥದ್ದು.

"ಕರಗಿಸಿಬಿಡ್ರಿ," ಅಂದಳು ಶಿವಕಾಂತಾ. "ಇನ್ನೊಬ್ಬರ ಕೈಗೆ ಹೋಗಿ ಮತ್ತ ಜಗಳಾ ಹಚ್ಚೂದು ಬ್ಯಾಡ."

ನೀತಾ ಅವಳ ಪಾಲಿನದನ್ನು ತೂಗಿ ಲೆಕ್ಕ ಹೇಳಿದಳು. ಹಣವನ್ನು ಖಾತೆಗೆ ಹಾಕುವುದಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತದೆ, ಚಹಾ ಕುಡಿಯಿರಿ ಅಂದಳು. ಶಿವಕಾಂತಾ ಬೆಂಚಿನ ಮೇಲೆ ಕೂತಳು. ಅಜ್ಜಿ ತನ್ನ ಚೀಲ ಎತ್ತಿಕೊಂಡು ಜಾಗ ಬಿಟ್ಟಳು. ಎದುರಿನ ಅಂಗಡಿಯಿಂದ ಚಹಾ ಬರುವಷ್ಟರಲ್ಲಿ ಶಿವಕಾಂತಾಳ ತಲೆ ಗೋಡೆಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬಿಸಿಲಿನ ಓಣಿಯಲ್ಲಿ ಸ್ಕೂಟರುಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಅವಳಿಗೆ ಎಚ್ಚರವಾಗಲಿಲ್ಲ.

"ಅಕ್ಕಾ," ಎಂದು ಶಿವಪ್ರಕಾಶ ಒಮ್ಮೆ ಕರೆದ. ಎಬ್ಬಿಸಲೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಜಾರುತ್ತಿದ್ದ ಅವಳ ಪರ್ಸನ್ನು ತನ್ನ ಮಡಿಲಿಗೆ ಎತ್ತಿಕೊಂಡು ಪಕ್ಕದಲ್ಲಿ ಕೂತ. ಅವನ ಫೋನು ಬಡಿದುಕೊಂಡಿತು. ಸ್ನೇಹಲ್ ಹೆಸರು ನೋಡಿ ಆಫ್ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ಅವಳ ತಲೆ ಗೋಡೆಯಿಂದ ಜಾರಿ ಅವನ ಭುಜದ ಮೇಲೆ ಬಂತು. ಅವನು ಅಲುಗಾಡದೆ ನೆಟ್ಟಗೆ ಕೂತ.

ಹೊಸ ಗಿರಾಕಿಯೊಬ್ಬ ತಾಟು ಲೋಟಗಳ ಚೀಲವನ್ನು ಕೌಂಟರಿನ ಮೇಲೆ ಸುರುವಲು ಹೋದ. ನೀತಾ ತಟ್ಟನೆ ಕೈ ಅಡ್ಡ ಹಿಡಿದು, ಒಂದೊಂದೇ ತೆಗೆದಿಡಿ ಎಂದು ಮೆಲುದನಿಯಲ್ಲಿ ಹೇಳಿದಳು. ಬಸವಪ್ರಭು ಗಾದಿಯ ಮೇಲೆ ಕೂತು ಕಾಲು ಚಾಚಿಕೊಂಡರು. ತಣ್ಣಗಾಗುತ್ತಿದ್ದ ಶಿವಕಾಂತಾಳ ಚಹಾದ ಮೇಲೆ ಒಂದು ತಟ್ಟೆ ಮುಚ್ಚಿಟ್ಟರು.